ಮಂಜುಷಾ ಉರ್ಫ್ ರುಕ್ಮಿಣಿ

ಐವಾನ್-ಎ-ಶಾಹಿ, ಕಲಬುರಗಿ
ಗುರುವಾರ, ೧೩ ನವೆಂಬರ್ ೨೦೨೫

ರೀ,

ನಮಸ್ಕಾರ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಕೊನೆಗೆ ಇಷ್ಟು ವರ್ಷ ಅಡುಗೆಮನೆಯಿಂದ ಕೂಗಿದ ‘ರೀ’ಯನ್ನೇ ಮೇಲೆ ಬರೆದಿದ್ದೇನೆ. ‘ಪ್ರಿಯ’ ಎಂದು ಬರೆದರೆ ನಮ್ಮ ವಕೀಲರು ತಲೆ ಚಚ್ಚಿಕೊಂಡಾರು. ‘ಮಾನ್ಯರೇ’ ಎಂದು ಬರೆದರೆ ಬ್ಯಾಂಕಿನಿಂದ ನೋಟೀಸು ಬಂತೆಂದು ನೀವು ಗಾಬರಿಯಾದೀರಿ. ಹೆಸರು ಹಿಡಿದು ಬರೆಯೋಣವೆಂದರೆ ಕೈ ಏಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂದು ನಮ್ಮವ್ವ ಕಲಿಸಿದ್ದು, ಗಂಡನನ್ನು ಬಿಡಲು ಹೊರಟಾಗಲೂ ನನ್ನನ್ನು ಬಿಡುತ್ತಿಲ್ಲ ನೋಡಿ.

ಫೋನ್ ಮಾಡಬಹುದಿತ್ತು, ಖರೆ. ಆದರೆ ನಮ್ಮ ಫೋನುಗಳು ಹೇಗೆ ಮುಗಿಯುತ್ತವೆಂದು ಇಬ್ಬರಿಗೂ ಗೊತ್ತು. ನಾನು ಮಾತಾಡುತ್ತೇನೆ, ನೀವು ‘ಹೂಂ’ ಅನ್ನುತ್ತೀರಿ, ಎರಡನೆಯ ‘ಹೂಂ’ಗೆ ನನ್ನ ಪಿತ್ತ ನೆತ್ತಿಗೇರುತ್ತದೆ, ಫೋನ್ ಇಟ್ಟುಬಿಡುತ್ತೇನೆ. ಪತ್ರದಲ್ಲಿ ನಿಮ್ಮ ‘ಹೂಂ’ ಕೇಳಿಸುವುದಿಲ್ಲ, ಅದೊಂದು ಸಮಾಧಾನ. ನಿಮ್ಮ ಪಕ್ಕದ ಮನೆಯ ಮಹಾದೇವಮ್ಮ ನಾಳೆ ಕೆಂಪು ಬಾಳೆಹಣ್ಣು ಮಾರಲು ಸೂಪರ್ ಮಾರ್ಕೆಟ್ಟಿಗೆ ಬರುತ್ತಾಳಂತೆ. ಅವಳ ಕೈಗೇ ಈ ಲಕೋಟೆ ಕೊಟ್ಟು ಕಳಿಸುತ್ತೇನೆ.

ಮೊದಲು ಕೆಲಸದ ಮಾತು. ಲಕೋಟೆಯಲ್ಲಿ ಒಂದು ಬಾಂಡ್ ಪೇಪರ್ ಇದೆ. ಅದಕ್ಕೆ ಸಹಿ ಮಾಡಬೇಕು. ಕಮಲಾಪುರ ಈಗ ತಾಲ್ಲೂಕಾಗಿದೆಯಲ್ಲ, ನೋಟರಿ ಅಲ್ಲೇ ಸಿಗುತ್ತಾರೆ, ಅವರ ಮುಂದೆಯೇ ಸಹಿ ಮಾಡಿ ಮೊಹರು ಹಾಕಿಸಿ. ಶನಿವಾರ ಮಹಾದೇವಮ್ಮನ ಕೈಯಲ್ಲಿ ವಾಪಸ್ ಕಳಿಸಿ. ಸೋಮವಾರ ಅರ್ಜಿ ಹಾಕುವ ದಿನ ನೀವು ನೇರವಾಗಿ ಕೋರ್ಟಿನ ಹತ್ತಿರ ಬಂದರೆ ಸಾಕು. ಮನೆಗೆ ಬರುವ ಅಗತ್ಯವಿಲ್ಲ. ನಿಮಗೂ ಮುಜುಗರ, ನನಗೂ ಮುಜುಗರ.

ಅದು ಎಂಥ ಬಾಂಡ್ ಪೇಪರ್ ಎಂದು ಕೇಳುತ್ತೀರಿ. ಅಲ್ಲ, ನೀವು ಕೇಳುವುದಿಲ್ಲ, ಸುಮ್ಮನೆ ಸಹಿ ಮಾಡುತ್ತೀರಿ. ಆದರೂ ನಾನು ಹೇಳಬೇಕು.

ನಮ್ಮಿಬ್ಬರ ವಕೀಲೆ ಸುಷ್ಮಿತಾ ಇದ್ದಾರಲ್ಲ, ವಯಸ್ಸು ಚಿಕ್ಕದು, ಮಾತು ಚುರುಕು. ಜಗಳವಿಲ್ಲದ ಕೇಸಿಗೆ ಒಬ್ಬರೇ ವಕೀಲರು ಸಾಕು ಎಂದು ಮೊದಲ ದಿನವೇ ಹೇಳಿದ್ದರು. ಜಗಳವಿಲ್ಲವಂತೆ! ನನಗೆ ನಗು ಬಂತು. ಆಮೇಲೆ ಯೋಚಿಸಿದರೆ ಹೌದಲ್ಲ, ನಾವು ಜಗಳವನ್ನಾದರೂ ಎಲ್ಲಿ ನೆಟ್ಟಗೆ ಆಡಿದ್ದೇವೆ. ಅವರು ಕೇಳಿದ ಕಾಗದಗಳನ್ನೆಲ್ಲ ಸೋಮವಾರ ಚೀಲದಲ್ಲಿ ತುಂಬಿಕೊಂಡು ಹೋದೆ. ಲಗ್ನಪತ್ರಿಕೆ, ಇಬ್ಬರೂ ಇರುವ ಮದುವೆ ಫೋಟೊ, ನಿಮ್ಮ ಆಧಾರ್ ನಕಲು, ನನ್ನ ಆಧಾರ್, ಪ್ಯಾನ್ ಕಾರ್ಡು, ಕಮಲಾಪುರದ ರೇಷನ್ ಕಾರ್ಡು, ಹತ್ತನೆಯ ತರಗತಿಯ ಅಂಕಪಟ್ಟಿ. ಬ್ಯಾಂಕಿನಲ್ಲಿ ಕೌಂಟರಿನ ಈಚೆ ಕೂತು ಇಷ್ಟು ವರ್ಷ ಜನರಿಂದ ಕಾಗದ ಕೇಳಿದವಳು ನಾನು. ಆಚೆ ನಿಂತು ಕೊಡುವುದು ಎಷ್ಟು ಸಂಕಟವೆಂದು ಈಗ ಗೊತ್ತಾಯಿತು.

ಸುಷ್ಮಿತಾ ಒಂದೊಂದನ್ನೇ ಮೇಜಿನ ಮೇಲೆ ಹರಡಿದರು. ಒಂದು ಸಲ ಕಾಗದ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. “ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ಇದರಾಗ ನೀವು ಯಾರ್ರೀ?” ಎಂದು ಕೇಳಿದರು. ಲಗ್ನಪತ್ರಿಕೆಯಲ್ಲಿ ಮಂಜುಷಾ, ಅಂಕಪಟ್ಟಿಯಲ್ಲಿ ಮಂಜುಷಾ, ಪ್ಯಾನ್ ಕಾರ್ಡಿನಲ್ಲಿ ಮಂಜುಷಾ. ರೇಷನ್ ಕಾರ್ಡಿನಲ್ಲಿ ರುಕ್ಮಿಣಿ, ಆಧಾರ್‌ನಲ್ಲೂ ರುಕ್ಮಿಣಿ. ಆ ಆಧಾರ್ ಮಾಡಿಸಿದ್ದು ಕಮಲಾಪುರದಲ್ಲಿ, ನಿಮ್ಮ ತಾಯಿ ಇಂದೂಬಾಯಿಯವರು, ನಮ್ಮ ಆಯಿ, ಜೊತೆಗೆ ನಿಂತು ಹೆಸರು ಹೇಳಿ ಬರೆಸಿದ್ದು, ನೆನಪಿರಬೇಕು. ತಿದ್ದಿಸಿಕೊಂಡರಾಯಿತು ಎಂದು ಆಗ ಸುಮ್ಮನಿದ್ದೆ. ದಿನಾ ಬ್ಯಾಂಕಿನಲ್ಲಿ ‘ಹೆಸರು ಕೂಡುತ್ತಿಲ್ಲ, ಸರಿ ಮಾಡಿಸಿಕೊಂಡು ಬನ್ನಿ’ ಎಂದು ಊರ ಮಂದಿಯನ್ನೆಲ್ಲ ವಾಪಸ್ ಕಳಿಸುವ ನಾನು, ನನ್ನದೊಂದನ್ನು ಸರಿ ಮಾಡಿಸಿಕೊಳ್ಳಲಿಲ್ಲ.

ಸುಷ್ಮಿತಾ ಹೇಳಿದ್ದು ಇಷ್ಟು. ಹೀಗೇ ಕೊಟ್ಟರೆ ಕೋರ್ಟು ಅರ್ಜಿಯನ್ನು ತಿರುಗಿಸಿ ಕಳಿಸುತ್ತದೆ. ಮಂಜುಷಾ ಮತ್ತು ರುಕ್ಮಿಣಿ ಇಬ್ಬರೂ ಒಬ್ಬಳೇ ಎಂದು ನಾನು ಪ್ರಮಾಣ ಮಾಡಿ ಬರೆದುಕೊಡಬೇಕು. ಗಂಡನೂ ಹೌದು ಎಂದು ಇನ್ನೊಂದು ಬರೆದುಕೊಟ್ಟರೆ ಗಟ್ಟಿಯಾಗುತ್ತದೆ. ನಿಮ್ಮ ಸಹಿ ಬೇಕಾಗಿರುವುದು ಅದಕ್ಕೇ.

ಕೋರ್ಟಿನ ಎದುರು ಸಲಾವುದ್ದೀನ್ ಎಂಬ ಟೈಪಿಸ್ಟ್ ಇದ್ದಾರೆ. ಅವರ ಮುಂದೆ ಕೂತು ಬರೆಸಿದೆ. ಅರ್ಧ ದಾರಿಯಲ್ಲಿ ಕೈ ನಿಲ್ಲಿಸಿ, “ಮೇಡಂ, ಉರ್ಫ್ ಹಾಕಲೇನ್ರಿ, ಅಲಿಯಾಸ್ ಹಾಕಲೇನ್ರಿ? ಅಲಿಯಾಸ್ ಅಂದ್ರ ಪೊಲೀಸ್ ಕೇಸಿನಂಗ ಕಾಣ್ತದ. ಉರ್ಫ್ ಅಂದ್ರ ಖಾನ್ದಾನಿ ಕಾಣ್ತದ” ಎಂದರು. ಉರ್ಫ್ ಎಂದೇ ಹಾಕಿಸಿದೆ. ಅವರು ಜೋರಾಗಿ ಓದಿ ತೋರಿಸಿದರು. ‘ಮಂಜುಷಾ ಉರ್ಫ್ ರುಕ್ಮಿಣಿ ಆದ ನಾನು’ ಎಂದು. ಪಕ್ಕದಲ್ಲಿ ಹೊಲದ ಪಹಣಿ ಹಿಡಿದು ನಿಂತಿದ್ದವರೆಲ್ಲ ನನ್ನನ್ನು ತಿರುಗಿ ನೋಡಿದರು. ನಾನು ರುಕ್ಮಿಣಿಯಲ್ಲ, ಅಲ್ಲ ಎಂದು ಹತ್ತೊಂಬತ್ತು ವರ್ಷ ಹಟ ಹಿಡಿದವಳು. ಈಗ ನಿಮ್ಮಿಂದ ಬಿಡುಗಡೆ ಬೇಕಾದರೆ ನಾನೇ ರುಕ್ಮಿಣಿ ಎಂದು ಬರೆದುಕೊಡಬೇಕಂತೆ. ಈ ದೇವರಿಗೆ ಬೇರೆ ಕೆಲಸವಿಲ್ಲ.

ಅವತ್ತು ಮನೆಗೆ ಬಂದು ಚಹಾ ಕೂಡ ಮಾಡಿಕೊಳ್ಳದೆ ಕೂತೆ. ಆ ಅಕ್ಕಿಯ ತಾಟು ಕಣ್ಣ ಮುಂದಿನಿಂದ ಹೋಗಲೇ ಇಲ್ಲ.

ನಿಮಗೂ ನೆನಪಿರಬಹುದು. ಇಲ್ಲವೆಂದರೆ ನಾನು ನೆನಪು ಮಾಡಿಕೊಡುತ್ತೇನೆ. ಕಮಲಾಪುರದ ನಿಮ್ಮ ಪಡಸಾಲೆ, ನನ್ನನ್ನು ಮನೆ ತುಂಬಿಸಿಕೊಂಡ ಸಂಜೆ. ಹೊಸ್ತಿಲ ಮೇಲಿನ ಸೇರನ್ನು ಜೋರಾಗಿಯೇ ಒದ್ದುಬಿಟ್ಟಿದ್ದೆ, ಅಕ್ಕಿ ದೇವರಮನೆಯ ತನಕ ಚೆಲ್ಲಿತ್ತು, ನಿಮ್ಮ ಸೋದರತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ಆಮೇಲೆ ಹೆಸರಿಡುವ ಶಾಸ್ತ್ರ. ನಮ್ಮ ಮನೆಗಳಲ್ಲಿ ಸೊಸೆಯ ಹೆಸರು ಬದಲಾಗಲೇಬೇಕಲ್ಲ. ತಾಟಿನ ತುಂಬ ಅಕ್ಕಿ ಹರಡಿ, ಉಂಗುರ ನಿಮ್ಮ ಕೈಗೆ ಕೊಟ್ಟರು. ವಿಠ್ಠಲನ ಹೆಂಡತಿ ರುಕ್ಮಿಣಿಯಲ್ಲದೆ ಇನ್ನೇನಾಗಬೇಕು ಎಂದು ಆಯಿ ಅದನ್ನು ಮೊದಲೇ ನಿಶ್ಚಯ ಮಾಡಿದ್ದರು. ನೀವು ಬಗ್ಗಿ ನಿಧಾನವಾಗಿ ಬರೆದಿರಿ. ಸೆರಗಿನ ಸಂದಿಯಿಂದ ನಾನು ನೋಡಿದೆ. ಅಕ್ಕಿಯ ಮೇಲೆ ಇದ್ದದ್ದು ‘ಮಂಜುಷಾ.’

ಹಿಂದಿನಿಂದ ಆಯಿ “ಏನ್ ಬರದಿ ವಿಠ್ಠಲಾ?” ಎಂದರು. ನೀವು “ತಪ್ಪಾತು ಆಯಿ” ಎಂದು ಅಂಗೈಯಿಂದ ಅಕ್ಕಿ ಸರಿ ಮಾಡಿ, ರುಕ್ಮಿಣಿ ಎಂದು ಬರೆದುಬಿಟ್ಟಿರಿ. ನಿಮ್ಮ ಕಿವಿ ಕೆಂಪಗಾಗಿತ್ತು. ಅದು ತಪ್ಪಿ ಬರೆದದ್ದಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು. ಬರೀ ಎರಡು ಸಲ, ಅದೂ ಹಿರಿಯರ ಮುಂದೆ ನೋಡಿದ್ದ ಗಂಡಿನ ಮೇಲೆ ನನಗೆ ಆ ಒಂದು ಗಳಿಗೆಯಲ್ಲಿ ಜೀವ ಬಂದುಬಿಟ್ಟಿತು. ಮರುದಿನ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವ ನೆಪದಲ್ಲಿ ಸಿಕ್ಕಾಗ ನೀವು ಹೇಳಿದ್ದಿರಿ: “ಆಯಿ ಮುಂದ ನೀ ರುಕ್ಮಿಣಿ ಆಗು, ನನ್ನ ಮುಂದ ಮಂಜುಷಾನೇ ಇರು. ನಡೀತದಲ್ಲ?” ನಡೆಯಿತು. ಬಹಳ ವರ್ಷ ಚೆನ್ನಾಗಿಯೇ ನಡೆಯಿತು.

ಆಮೇಲೆ ಕಲಬುರಗಿಯಲ್ಲಿ ಕೋಟೆಯ ಹತ್ತಿರ ಬಾಡಿಗೆ ಮನೆ ಮಾಡಿದೆವಲ್ಲ, ಒಂದೇ ಕೋಣೆ, ಮಧ್ಯದಲ್ಲಿ ಪರದೆ. ಆಯಿ ಬಂದು ತಿಂಗಳುಗಟ್ಟಲೆ ಇದ್ದಾಗ ನಿಮ್ಮ ಫಜೀತಿ ನೋಡಬೇಕಿತ್ತು. ಮಂಜುಷಾ ಎನ್ನುವ ಹಾಗಿಲ್ಲ, ರುಕ್ಮಿಣಿ ಎನ್ನಲು ನಿಮಗೆ ಬಾಯಿ ಬಾರದು. ನೀರು ಬೇಕಾದರೆ ಕೆಮ್ಮುತ್ತಿದ್ದಿರಿ, ಊಟ ಬೇಕಾದರೆ ತಾಟು ಸಪ್ಪಳ ಮಾಡುತ್ತಿದ್ದಿರಿ. ಭಾನುವಾರ ಸಂಜೆ ತರಕಾರಿ ತರುವ ನೆವ ಹೇಳಿ ಇಬ್ಬರೂ ಕೋಟೆಗೆ ಹೋಗುತ್ತಿದ್ದೆವು. ಒಂದು ಸಲ ನಾನು ಮುಂದೆ ಮುಂದೆ ನಡೆದು ದೊಡ್ಡ ಫಿರಂಗಿಯ ಹತ್ತಿರ ಹೋಗಿದ್ದೆ. ನೀವು ಬುರುಜಿನ ಮೇಲೆ ಹತ್ತಿ ನಿಂತು, ವಾರವಿಡೀ ಕೂಡಿಟ್ಟದ್ದನ್ನೆಲ್ಲ ಸೇರಿಸಿ, ಗಂಟಲು ಹರಿಯುವ ಹಾಗೆ “ಮಂಜುಷಾ” ಎಂದು ಕೂಗಿದಿರಿ. ಕೋಟೆಯೊಳಗಿನ ಮನೆಯಿಂದ ಒಬ್ಬ ಅಜ್ಜಿ ಹೊರಗೆ ಓಡಿ ಬಂದಳು. “ಕ್ಯಾ ಹುವಾ ಬೇಟಾ, ಬೀವಿ ಗುಮ್ ಗಯೀ ಕ್ಯಾ?” ಎಂದು ಕೇಳಿದಳು. ಹೆಂಡತಿ ಕಳೆದುಹೋದಳೇನೋ ಎಂದು ಅವಳಿಗೆ ನಿಜವಾಗಿಯೂ ಗಾಬರಿ. ನೀವು ಬುರುಜಿನ ಮೇಲಿಂದ “ಸಿಕ್ಕಳು ಬಿಡ್ರಿ, ಸಿಕ್ಕಳು” ಎಂದು ಕನ್ನಡದಲ್ಲಿ ಹೇಳಿ ಕೈಮುಗಿದಿರಿ. ಮನೆಗೆ ಬರುವತನಕ ನಕ್ಕೆವು, ತರಕಾರಿ ತರುವುದನ್ನೇ ಮರೆತೆವು. ಆಯಿ ಅವತ್ತು ಬರೀ ಕಡಲೆ ಹಿಟ್ಟಿನ ಜುಣಕ ಮಾಡಿ ಬಡಿಸಿದರು, ಒಂದು ಮಾತೂ ಕೇಳಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ.

ಆಯಿಯ ಮೇಲೆ ನನಗೆ ಸಿಟ್ಟಿತ್ತು. ಸುಳ್ಳು ಯಾಕೆ ಹೇಳಲಿ. ರುಕ್ಮಿಣಿ ಎಂದು ಅವರು ಕರೆದಾಗಲೆಲ್ಲ ಮೂರನೆಯ ಸಲ ಕರೆಯುವತನಕ ನಾನು ಕೇಳಿಸದವಳ ಹಾಗೆ ಇರುತ್ತಿದ್ದೆ. ಅವರೂ ಕಡಿಮೆಯವರಲ್ಲ, ಮೂರನೆಯ ಸಲವೂ ಅದೇ ದನಿಯಲ್ಲಿ ಕರೆಯುತ್ತಿದ್ದರು. ಪಂಢರಪುರಕ್ಕೆ ಕರೆದುಕೊಂಡು ಹೋದಾಗ ವಿಠ್ಠಲನ ದರ್ಶನ ಮುಗಿಸಿ ಹಿಂದುಗಡೆ ಬೇರೆಯೇ ಇರುವ ರುಕ್ಮಿಣಿಯ ಗುಡಿಯ ಮುಂದೆ ನನ್ನನ್ನು ಕೂಡಿಸಿಕೊಂಡು, ಕೈಗೆ ಚುರುಮುರಿ ಪೊಟ್ಟಣ ಕೊಟ್ಟು, ಕಥೆ ಹೇಳಿದ್ದರು. “ಅಕಿ ಸಿಟ್ಟು ಮಾಡ್ಕೊಂಡು ದ್ವಾರಕಾ ಬಿಟ್ಟು ಇಲ್ಲಿ ಬಂದು ಕೂತ್ಳು. ಇಂವ ಹುಡ್ಕೊಂಡು ಹುಡ್ಕೊಂಡು ಬಂದಾ. ಬಂದಾಂವ ಇಲ್ಲೇ ನಿಂತಾ ನೋಡು, ಇನ್ನೂ ಹೋಗಿಲ್ಲ” ಎಂದರು. ಹಾಗಾದರೆ ಗುಡಿ ಯಾಕೆ ಬೇರೆ ಎಂದು ನಾನು ಕೇಳಿದೆ. “ಸಿಟ್ಟು ಪೂರಾ ಇಳಿದಿಲ್ಲಲ್ಲ” ಎಂದು ನಕ್ಕರು. ಅವತ್ತು ನನಗೂ ನಗು ಬಂದಿತ್ತು, ತೋರಿಸಿಕೊಳ್ಳಲಿಲ್ಲ.

ಅವರು ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಎಲ್ಲ ಬದಲಾಯಿತು. ನೀವು ಕಮಲಾಪುರದ ಶಾಲೆಗೆ ವರ್ಗ ಮಾಡಿಸಿಕೊಂಡಿರಿ, ನಾನು ಬ್ಯಾಂಕು ಬಿಡಲಾಗದೆ ಇಲ್ಲೇ ಉಳಿದೆ. ಮೊದಲು ಪ್ರತಿ ಶನಿವಾರ ಬರುತ್ತಿದ್ದಿರಿ, ಕೆಂಪು ಬಾಳೆಯ ಚಿಪ್ಪನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು. ಯಾವುದು ಇವತ್ತು ತಿನ್ನಬೇಕು, ಯಾವುದು ನಾಡಿದ್ದು ತಿನ್ನಬೇಕು ಎಂದು ಒಂದೊಂದನ್ನೂ ಹಿಚುಕಿ ಹೇಳುತ್ತಿದ್ದಿರಿ. ನಾನು ನಾಡಿದ್ದಿನದನ್ನೇ ಇವತ್ತು ತಿನ್ನುತ್ತಿದ್ದೆ, ನೀವು ಬೈಯುತ್ತಿದ್ದಿರಿ. ಆಮೇಲೆ ಆಯಿಗೆ ನೆನಪು ಕೈಕೊಡಲು ಶುರುವಾಯಿತು. ನಿಮಗೆ ಬರಲು ಆಗುತ್ತಿರಲಿಲ್ಲ. ನಾನು ಬಂದಾಗ ಅವರು ಇಡೀ ದಿನ ರುಕ್ಮಿಣಿ, ರುಕ್ಮಿಣಿ ಎನ್ನುತ್ತಿದ್ದರು, ನಾನು ಮುಖ ಗಂಟಿಕ್ಕಿಕೊಂಡು ಸಂಜೆಯ ಬಸ್ಸು ಹಿಡಿಯುತ್ತಿದ್ದೆ. ಬರುವುದೂ ಕಡಿಮೆಯಾಯಿತು.

ಇನ್ನು ಆ ಫೋನು. ಹೋದ ವರ್ಷ ಶ್ರಾವಣದಲ್ಲಿ, ಮಧ್ಯಾಹ್ನ, ಬ್ಯಾಂಕಿನಲ್ಲಿ ಮಂದಿ ಮುಗಿಬಿದ್ದಿದ್ದ ಹೊತ್ತಿನಲ್ಲಿ ನಿಮ್ಮ ಫೋನ್ ಬಂತು. ನೀವು ಹೇಳಿದ್ದು ಒಂದೇ ಮಾತು: “ರುಕ್ಮಿಣಿ, ಇವತ್ತೊಂದು ದಿನ ಬಂದು ಹೋಗು.” ನಿಮ್ಮ ಬಾಯಿಂದ ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅಕ್ಕಿಯ ಮೇಲೆ ನನ್ನ ಹೆಸರು ಬರೆದಿದ್ದ ಮನುಷ್ಯ ಕೊನೆಗೂ ಅದನ್ನು ಅಳಿಸಿದ ಎಂದುಕೊಂಡೆ. “ಆ ಹೆಸರಿನವರು ಇಲ್ಲಿ ಯಾರೂ ಇಲ್ಲ” ಎಂದು ಹೇಳಿ ಫೋನ್ ಇಟ್ಟೆ. ವಾರ ಕಳೆಯುವುದರೊಳಗೆ ಆಯಿ ಹೋದರು. ಬಂದೆ, ದಿನಕರ್ಮದ ಕೆಲಸವೆಲ್ಲ ಮಾಡಿದೆ, ವೈಕುಂಠ ಸಮಾರಾಧನೆಗೆ ಬಂದವರಿಗೆಲ್ಲ ಬಡಿಸಿದೆ, ನಿಮ್ಮ ಜೊತೆ ಮಾತಾಡದೆ ತಿರುಗಿ ಬಂದೆ. ಬೇರೆಯಾಗೋಣ ಎಂದು ಮೆಸೇಜು ಕಳಿಸಿದವಳು ನಾನೇ. ಅದಕ್ಕೆ ನೀವು ಬರೆದದ್ದು ‘ನಿನ್ನ ಇಚ್ಛೆ.’ ಎರಡೇ ಪದ! ಮಕ್ಕಳಿಗೆ ಕಾಪಿ ತಿದ್ದುವಾಗಲೂ ಇದಕ್ಕಿಂತ ಹೆಚ್ಚು ಬರೆಯುತ್ತೀರಿ.

ಅದೆಲ್ಲ ಆಗಿಹೋದ ಮಾತು. ಈ ಪತ್ರ ಬರೆಯಲು ಕೂತದ್ದು ಅದಕ್ಕಲ್ಲ. ಮೊನ್ನೆ ಭಾನುವಾರ ಕಮಲಾಪುರಕ್ಕೆ ಬಂದಿದ್ದೆನಲ್ಲ, ಅದಕ್ಕೆ.

ಲಗ್ನಪತ್ರಿಕೆ ಬೇಕು ಎಂದು ಮೆಸೇಜು ಕಳಿಸಿದರೆ, ಇಲ್ಲಿ ಕಾಣುತ್ತಿಲ್ಲ, ನೀನೇ ಬಂದು ನೋಡು, ಕೀಲಿ ಮಹಾದೇವಮ್ಮನ ಹತ್ತಿರ ಇಟ್ಟಿರುತ್ತೇನೆ ಎಂದಿರಿ. ನಾನು ಬರುವ ಹೊತ್ತಿಗೆ ಸರಿಯಾಗಿ ನಿಮಗೆ ಹುಮನಾಬಾದಿನಲ್ಲಿ ಕೆಲಸ ಬಂತು. ಬರಲಿ ಬಿಡಿ. ಕೀಲಿ ತೆಗೆದು ಒಳಗೆ ಹೋದೆ. ಮನೆ ಚೊಕ್ಕಟವಾಗಿತ್ತು, ನನಗೆ ಹೊಟ್ಟೆಕಿಚ್ಚಾಗುವಷ್ಟು. ತುಳಸಿಗೆ ನೀರು ಬಿದ್ದಿತ್ತು, ಕಟ್ಟೆಯ ಮೇಲೆ ಮೊನ್ನೆಯ ತುಳಸಿ ಲಗ್ನದ ಕಬ್ಬು ಇನ್ನೂ ನಿಂತಿತ್ತು. ಒಬ್ಬರೇ ಮಾಡಿದಿರಾ? ಇಲ್ಲಿ ನಾನೂ ಒಬ್ಬಳೇ ಮಾಡಿದೆ. ತುಳಸಿಗೂ ಕೃಷ್ಣನಿಗೂ ನಡುವೆ ಅಂತರಪಟ ಹಿಡಿಯಲು ಇನ್ನೊಂದು ಕೈಯಿಲ್ಲದೆ ಕುರ್ಚಿಗೆ ಕಟ್ಟಿದೆ.

ಲಗ್ನಪತ್ರಿಕೆ ಸಿಗಲು ಬಹಳ ಹೊತ್ತಾಗಲಿಲ್ಲ. ಕಾಣುತ್ತಿಲ್ಲವಂತೆ! ದೇವರ ಮನೆಯಲ್ಲಿ, ವಿಠ್ಠಲನ ಪಟದ ಹಿಂದೆಯೇ ಇತ್ತು. ಮೊದಲ ಪತ್ರಿಕೆ ದೇವರಿಗೆ ಎಂದು ನಾಲ್ಕು ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ ಇಡುತ್ತಾರಲ್ಲ, ಅದೇ. ಆಯಿ ಅದನ್ನು ಅಲ್ಲಿಂದ ತೆಗೆದೇ ಇಲ್ಲ. ದಿನಾ ಪೂಜೆ ಮಾಡುವ ನಿಮಗೆ ಅದು ಕಾಣಲಿಲ್ಲ ಎಂದರೆ ನಾನು ನಂಬುತ್ತೇನೆಯೇ? ಇನ್ನೊಂದು ಮಾತು. ಅಡುಗೆಮನೆಯ ಕೊಕ್ಕೆಗೆ ಕೆಂಪು ಬಾಳೆಯ ಚಿಪ್ಪು ತೂಗುಬಿಟ್ಟಿದ್ದಿರಿ, ಮಾಗಿದ ಹಣ್ಣುಗಳು ನನ್ನ ಕೈಗೆ ನಿಲುಕುವ ಕಡೆಗೆ. ನಾನು ಮುಟ್ಟಬಾರದೆಂದಿದ್ದೆ. ಒಂದು ತಿಂದೆ. ಆಮೇಲೆ ಇನ್ನೊಂದು ತಿಂದೆ. ಉಳಿದವನ್ನು ಚೀಲಕ್ಕೆ ಹಾಕಿಕೊಂಡು ಬಂದೆ, ನಾಡಿದ್ದಿನವನ್ನೂ ಸೇರಿಸಿ.

ಕೀಲಿ ವಾಪಸ್ ಕೊಡಲು ಹೋದಾಗ ಮಹಾದೇವಮ್ಮ ಚಹಾ ಕುಡಿಯದೆ ಬಿಡಲಿಲ್ಲ. ಸೆರಗಿನಿಂದ ಕಟ್ಟೆ ಒರೆಸಿ ಕೂಡಿಸಿದಳು. ಯಾವ ಕಾಗದಕ್ಕೆ ಬಂದಿದ್ದೇನೆಂದು ನಾನು ಹೇಳಿರಲಿಲ್ಲ, ಆದರೂ ಅವಳಿಗೆ ತಿಳಿದಿತ್ತು. ಚಹಾ ಕೈಗೆ ಕೊಟ್ಟು, “ಬಾಯಿ, ನಿಮ್ಮ ಅತ್ತಿಯವ್ರು ಆ ದಿನ ಹೇಳಿದ್ದ ಮಾತು ಹಂಗೇ ಉಳೀತು ನೋಡ್ರಿ” ಎಂದಳು. ಯಾವ ಮಾತು ಎಂದು ಕೇಳಿದೆ. “ನಿಮಗ ಗೊತ್ತೇ ಅದ ಅನ್ಕೊಂಡಿದ್ದೆ” ಎಂದು ಅವಳೇ ಗಾಬರಿಯಾದಳು.

ಅವಳು ಹೇಳಿದ್ದು ಇದು. ಶ್ರಾವಣದ ಆ ಮಧ್ಯಾಹ್ನ ಅವಳು ನಿಮ್ಮ ಮನೆಯಲ್ಲೇ ಇದ್ದಳು. ಆಯಿ ಎರಡು ದಿನದಿಂದ ಬಾಯಿಗೆ ಗಂಜಿ ಹಚ್ಚಗೊಟ್ಟಿರಲಿಲ್ಲ. ರುಕ್ಮಿಣಿ ಬಂದು ಉಣ್ಣಿಸಲಿ ಎಂದು ಒಂದೇ ಹಟ. ಮಂಜುಷಾ ಎಂದರೆ ಅದು ಯಾರು ಎಂದು ಕೇಳುವ ಸ್ಥಿತಿ. ಅದಕ್ಕೆ ನೀವು ಅವರ ಪಕ್ಕದಲ್ಲಿ ಕೂತು, ಅವರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ಅವರಿಗೆ ತಿಳಿಯುವ ಹೆಸರಿನಿಂದ ನನ್ನನ್ನು ಕರೆದಿರಿ. ನಾನು ಹೇಳಿದ್ದು ಅವರಿಗೂ ಕೇಳಿಸಿತು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ.

ಕೈಯಲ್ಲಿನ ಚಹಾ ಕಟ್ಟೆಯ ಮೇಲೆ ಇಟ್ಟೆ. ಅವರು ಅತ್ತರೇ ಎಂದು ಕೇಳಿದೆ. ಮಹಾದೇವಮ್ಮ ತಲೆ ಅಲ್ಲಾಡಿಸಿದಳು. “ಅಳಲಿಲ್ರಿ. ನಕ್ಕರು. ಸಿಟ್ಟು ಮಾಡ್ಕೊಂಡಾಳ ಅಕಿ, ಅಕಿ ಹೆಸರೇ ಅಂಥಾದ್ದದ ಅಂದ್ರು. ವಿಠ್ಠಲಾ, ಫೋನಿನಾಗ ಕರದ್ರ ರುಕ್ಮಿಣಿ ಬರ್ತಾಳೇನೋ ಹುಚ್ಚಪ್ಪಾ, ನೀನೇ ಹೋಗಿ ಕರ್ಕೊಂಡು ಬಾ ಅಂದ್ರು. ಆಮ್ಯಾಲ ನನ್ನ ಕೈಲೆ ಎರಡು ಚಮಚೆ ಗಂಜಿ ಕುಡದ್ರು. ಮಾಸ್ತರು ಹೋಗ್ತೀನಿ ಹೋಗ್ತೀನಿ ಅನ್ನೂದ್ರಾಗ ಅವ್ರೇ ಹೋಗ್ಯಾರ” ಎಂದಳು.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಕಲಬುರಗಿ ಬರುವತನಕ ಅತ್ತೆ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು, ಒಂದೂ ನೆಟ್ಟಗೆ ಕಾಣಲಿಲ್ಲ. ಆಯಿಗಾಗಿ ಅತ್ತ ಮೇಲೆ ನಿಮ್ಮ ಮೇಲೆ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ. ನಿಮಗೆ ಬಾಯಿ ಇರಲಿಲ್ಲವೇ? ಮರುದಿನ ಇನ್ನೊಂದು ಫೋನ್ ಮಾಡಿ, ಹೀಗೆ ಹೀಗೆ, ಆಯಿಗಾಗಿ ಹಾಗೆ ಕರೆದೆ ಎಂದಿದ್ದರೆ ನಾನು ಬ್ಯಾಂಕಿನ ಕೌಂಟರು ಹಾಗೆಯೇ ಬಿಟ್ಟು ಓಡಿ ಬರುತ್ತಿರಲಿಲ್ಲವೇ? ನಾನು ಸಿಟ್ಟಿನವಳು, ಊರಿಗೇ ಗೊತ್ತು. ಆದರೆ ಸಿಟ್ಟಿನವಳನ್ನು ಕಟ್ಟಿಕೊಂಡವರಿಗೆ ಎರಡು ಮಾತು ಆಡಲು ಬರಬೇಡವೇ? ಹದಿನಾಲ್ಕು ದಿನ ಒಂದೇ ಮನೆಯಲ್ಲಿ ಇದ್ದೆ, ನಿಮ್ಮ ಎದುರಿಗೇ ಓಡಾಡಿದೆ. ಆಗಲೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ, ಅದೂ ಹೌದು.

ಈಗ ಈ ಕಾಗದ ನನ್ನ ಮುಂದಿದೆ. ಅರ್ಜಿಯ ಕರಡನ್ನು ಸುಷ್ಮಿತಾ ಕೊಟ್ಟಿದ್ದಾರೆ. ನೀವು ಒಂದನೆಯ ಅರ್ಜಿದಾರ, ನಾನು ಎರಡನೆಯವಳು, ಬಿಡುವಾಗಲೂ ನಾನೇ ಹಿಂದೆ. ‘ಸದರಿ ದಾಂಪತ್ಯದಿಂದ ಸಂತಾನವಿರುವುದಿಲ್ಲ’ ಎಂದು ಒಂದು ಸಾಲಿದೆ. ಅಷ್ಟು ವರ್ಷ ದವಾಖಾನೆಗಳಿಗೆ ಅಲೆದಾಡಿದ್ದು, ಪ್ರತಿ ಸಲ ಹೊರಗೆ ಬಂದ ಮೇಲೆ ನೀವು ಮಾತಾಡದೆ ನನಗೆ ಕಬ್ಬಿನ ಹಾಲು ಕುಡಿಸುತ್ತಿದ್ದದ್ದು, ಎಲ್ಲ ಸೇರಿ ಒಂದು ಸಾಲು. ‘ಪರಸ್ಪರ ಹೊಂದಾಣಿಕೆ ಇರುವುದಿಲ್ಲ’ ಎಂದು ಅದರ ಕೆಳಗೆ ಇನ್ನೊಂದು ಸಾಲು. ಅದನ್ನು ಓದುವಾಗ ನನಗೆ ಕೋಟೆಯ ಅಜ್ಜಿ ನೆನಪಾದಳು.

ನನ್ನ ಪ್ರಮಾಣಪತ್ರಕ್ಕೆ ನಾನು ಸಹಿ ಮಾಡಿದ್ದಾಗಿದೆ. ಸೋಮವಾರವೇ, ಸಲಾವುದ್ದೀನ್ ಅವರ ಪಕ್ಕದಲ್ಲಿ ಕೂತಿದ್ದ ನೋಟರಿಯ ಮುಂದೆ. ನಾನೇ ರುಕ್ಮಿಣಿ ಎಂದು ಹೇಳಿ ಸಹಿ ಹಾಕಿದಾಗ, ಮೂರನೆಯ ಸಲ ಕರೆದ ಆಯಿಗೆ ಕೊನೆಗೂ ಓ ಎಂದ ಹಾಗಾಯಿತು. ಈ ಮಾತನ್ನು ಅವರು ಇದ್ದಾಗ ಹೇಳಬೇಕಿತ್ತು. ಹೇಳಲಿಲ್ಲ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ಇನ್ನು ನಿಮ್ಮ ಸಹಿ ಒಂದೇ ಬಾಕಿ. ಅಕ್ಕಿಯ ಮೇಲೆ ಎರಡೂ ಹೆಸರನ್ನು ಬರೆದವರು ನೀವು. ಇಬ್ಬರೂ ಒಬ್ಬಳೇ ಎಂದು ಹೇಳಲು ನಿಮ್ಮನ್ನು ಬಿಟ್ಟರೆ ಈ ಲೋಕದಲ್ಲಿ ಈಗ ಇನ್ನಾರೂ ಉಳಿದಿಲ್ಲ. ಚಳಿ ಶುರುವಾಗಿದೆ, ಬೆಳಿಗ್ಗೆ ಬಚ್ಚಲಿನ ಒಲೆ ಹಚ್ಚಿ ಬಿಸಿ ನೀರು ಕಾಯಿಸಿಕೊಳ್ಳಿ, ತಣ್ಣೀರು ಸುರುವಿಕೊಂಡು ಕೆಮ್ಮು ತಂದುಕೊಳ್ಳಬೇಡಿ. ಕೆಮ್ಮಿದರೆ ನೀರು ತಂದುಕೊಡಲು ಅಲ್ಲಿ ಯಾರೂ ಇಲ್ಲ.

ಇಂತಿ,
ನಿಮ್ಮ
ಮಂಜುಷಾ ಉರ್ಫ್ ರುಕ್ಮಿಣಿ

ತಾ.ಕ.: ಲಕೋಟೆಯನ್ನು ಬೋರಲು ಹಾಕಿ ಝಾಡಿಸಬೇಡಿ, ಬಾಂಡ್ ಪೇಪರ್ ಅದರೊಳಗಿಲ್ಲ. ಮರೆತು ಬಿಟ್ಟದ್ದಲ್ಲ. ಇಲ್ಲೇ ದೇವರ ಮುಂದೆ ಇಟ್ಟಿದ್ದೇನೆ. ಬೇಕಿದ್ದರೆ ನೀವೇ ಬಂದು ತೆಗೆದುಕೊಳ್ಳಬೇಕು. ಭಾನುವಾರ ಬನ್ನಿ. ಮನೆಗೆ ಬರಬೇಡಿ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕಿದ್ದೇನೆಂದು ತಿಳಿಯಿರಿ. ಊಟಕ್ಕೆ ಜುಣಕ ಮಾಡಿರುತ್ತೇನೆ. ಸೋಮವಾರ ಕೋರ್ಟಿಗೆ ಹೋಗುವುದೋ ಬಿಡುವುದೋ ಉಂಡಾದ ಮೇಲೆ ನೋಡೋಣ. ನನಗಂತೂ ಹೋಗುವ ಮನಸ್ಸಿಲ್ಲ. ಆಯಿ ನಿಮಗೆ ಹೇಳಿದ ಕೆಲಸ ಇನ್ನೂ ಹಾಗೆಯೇ ಉಳಿದಿದೆ. ಬೆಲ್ ಕೆಟ್ಟಿದೆ, ಕೆಮ್ಮಿದರೆ ಕೇಳಿಸುವುದಿಲ್ಲ. ಹೊರಗೆ ನಿಂತು ಬಾಯಿ ತೆರೆದು ಕರೆಯಬೇಕು. ಯಾವ ಹೆಸರಿನಿಂದ ಕರೆದರೂ ಬಾಗಿಲು ತೆಗೆಯುತ್ತೇನೆ.